ಪಿಚ್ಚರ್ ಮಾಸ್ತರರು ಮುಟ್ಟದ ಭಂಡಾರ

ಅವರ ಶೋಕಸಭೆ ನಡೆದದ್ದು ಸೊಲ್ಲಾಪುರದ ಒಂದು ಮಂಗಲ ಕಾರ್ಯಾಲಯದ ಮಾಳಿಗೆಯ ಮೇಲೆ. ಕೆಳಗೆ ಯಾರೋ ಬಸುರಿಯ ಕುಬಸದ ಊಟ ನಡೆದಿತ್ತು. ಹೆಂಗಸರ ಹಾಡು, ಪಾತ್ರೆಯ ಸದ್ದು, ಹೋಳಿಗೆಯ ವಾಸನೆ ಎಲ್ಲ ಮೆಟ್ಟಿಲು ಹತ್ತಿ ಮೇಲೆ ಬರುತ್ತಿದ್ದವು. ಮೇಲೆ ನಾವು ಹನ್ನೊಂದು ಮಂದಿ ಇದ್ದೆವು. ಒಬ್ಬರಾದ ಮೇಲೆ ಒಬ್ಬರು ಎದ್ದು, ಮರಾಠಿ ಸೀಮೆಯಲ್ಲಿ ಕನ್ನಡದ ದೀಪ ಆರದಂತೆ ನೋಡಿಕೊಂಡ ಮಹನೀಯರು ಎಂದು ಹೊಗಳಿದರು. ಹೊಗಳಿದವರಲ್ಲಿ ಇಬ್ಬರು ಅವರ ಒಂದು ಸಾಲನ್ನೂ ಓದಿದವರಲ್ಲ, ಅದು ನನಗೆ ಗೊತ್ತು. ಕೊನೆಗೆ, ಒಂಬತ್ತು ವರ್ಷ ಅವರ ಗಾಡಿ ಹೊಡೆದವರು ಎರಡು ಮಾತು ಆಡಲಿ ಎಂದು ನನ್ನ ಕಡೆ ತಿರುಗಿದರು. ನಾನು ಎದ್ದೆ. ಫೋಟೋಕ್ಕೆ ಹಾಕಿದ ಹಾರ ದೊಡ್ಡದಾಗಿ ಅವರ ಬಾಯಿ ಮುಚ್ಚಿಹೋಗಿತ್ತು. ಕೈ ಮುಗಿದು ಕುಳಿತುಬಿಟ್ಟೆ. ಪಾಪ, ದುಃಖ ತಡೆಯಲಾಗಲಿಲ್ಲ ಎಂದು ಪಕ್ಕದವರು ನೀರು ಕೊಟ್ಟರು. ದುಃಖ ಇತ್ತು, ಇಲ್ಲ ಅನ್ನುವುದಿಲ್ಲ. ಕುಳಿತದ್ದು ಮಾತ್ರ ಬೇರೆಯದಕ್ಕೆ. ಅದನ್ನು ಇಲ್ಲಿ ಬರೆಯುತ್ತೇನೆ. ಅವರ ಹೆಸರು ಬರೆಯುವುದಿಲ್ಲ. ಆ ಹಳ್ಳಿಯ ಹೆಸರನ್ನೂ ಬರೆಯುವುದಿಲ್ಲ, ಅಲ್ಲಿಗೆ ಸೊಸೆಯಾಗಿ ಬಂದ ಹೆಣ್ಣುಮಗಳೊಬ್ಬಳು ಇನ್ನೂ ಬದುಕಿದ್ದಾಳು.

ನಮ್ಮದು ಬಟ್ಟೆ ವ್ಯಾಪಾರದ ಮನೆ. ಅಣ್ಣಂದಿರು ಅಂಗಡಿಯ ಗಾದಿಯ ಮೇಲೆ ಕುಳಿತು ಸೀರೆ, ಚಾದರ ಮಾರುತ್ತಿದ್ದರು. ನನಗೆ ಮೊದಲಿನಿಂದ ಯಂತ್ರದ ಹುಚ್ಚು. ಸರಕಾರದ ಪ್ರಚಾರದ ಗಾಡಿಗೆ, ಗಾಡಿಯನ್ನೂ ಓಡಿಸಿ ಪ್ರೊಜೆಕ್ಟರನ್ನೂ ನಡೆಸುವವನು ಬೇಕಾಗಿದ್ದಾನೆ ಎಂದು ಗೊತ್ತಾದಾಗ ಮನೆಯಲ್ಲಿ ಹೇಳದೆ ಅರ್ಜಿ ಹಾಕಿದೆ. ಗಾದಿ ಬಿಟ್ಟು ಗಾಡಿ ಹತ್ತಿದ ಎಂದು ಅಪ್ಪ ಬಂದವರ ಮುಂದೆಲ್ಲ ಹಂಗಿಸುತ್ತಿದ್ದ. ಗಾಡಿಯ ಹಿಂದೆ ಪ್ರೊಜೆಕ್ಟರ್, ಜನರೇಟರ್, ಮಡಚಿದ ಬಿಳಿ ಪರದೆ, ಧ್ವನಿವರ್ಧಕದ ಎರಡು ಭೋಂಗಾ. ಮುಂದೆ ನಾನು, ನನ್ನ ಎಡಕ್ಕೆ ಅವರು. ಮೊದಲು ಅಕ್ಕಲಕೋಟದ ಕಡೆ ಕನ್ನಡ ಶಾಲೆಯಲ್ಲಿ ಕಲಿಸಿಕೊಂಡಿದ್ದು ಆಮೇಲೆ ಪ್ರಚಾರದ ನೌಕರಿಗೆ ಬಂದವರು. ಹಳ್ಳಿಗಳಲ್ಲಿ ಎಲ್ಲರೂ ಪಿಚ್ಚರ್ ಮಾಸ್ತರ್ ಅನ್ನುತ್ತಿದ್ದರು. ನನಗೂ ಅವರು ಮಾಸ್ತರರೇ.

ಆಗ ಚಿತ್ರಗಳು ಮುಂಬಯಿಯಿಂದ, ದಿಲ್ಲಿಯಿಂದ ಡಬ್ಬಿಯಲ್ಲಿ ಬರುತ್ತಿದ್ದವು. ಆಣೆಕಟ್ಟು, ಕಾರಖಾನೆ, ಗೊಬ್ಬರ, ಹುಳದ ಔಷಧ. ಮಾತೆಲ್ಲ ಹಿಂದಿ ಇಲ್ಲವೆ ಮರಾಠಿ. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳಲ್ಲಿ ಕಚೇರಿಗೆ ಮರಾಠಿ, ಅಡಿಗೆಮನೆಗೆ ಕನ್ನಡ. ಆದ್ದರಿಂದ ನಾನು ಚಿತ್ರದ ಧ್ವನಿ ಬಂದ್ ಮಾಡುತ್ತಿದ್ದೆ, ಮಾಸ್ತರರು ಪರದೆಯ ಪಕ್ಕದಲ್ಲಿ ಮೈಕ್ ಹಿಡಿದು ನಿಂತು ಕನ್ನಡದಲ್ಲಿ ಹೇಳುತ್ತಿದ್ದರು. ಅನುವಾದ ಅಂತ ತಿಳಿಯಬೇಡಿ. ಮಧ್ಯಾಹ್ನವೇ ಊರು ಸೇರಿ, ಕಟ್ಟೆಯ ಮೇಲೆ ಕುಳಿತು, ಯಾರ ಬಾವಿಯ ನೀರು ಸಿಹಿ, ಯಾರ ಎತ್ತು ಈ ಸಲ ಜೋರು, ಯಾರ ಮಗ ಮಿಲಿನಲ್ಲಿದ್ದಾನೆ ಎಲ್ಲ ಕೇಳಿಕೊಳ್ಳುತ್ತಿದ್ದರು. ಕತ್ತಲಾದ ಮೇಲೆ ಅವೆಲ್ಲ ಆಣೆಕಟ್ಟಿನ ಚಿತ್ರದೊಳಗೆ ಹೊಕ್ಕುಬಿಡುತ್ತಿದ್ದವು. ದನಿ ಕೆಡದಂತೆ ನಾಲಗೆಯ ಕೆಳಗೆ ಜೇಷ್ಠಮಧುವಿನ ಚೂರು ಇಟ್ಟುಕೊಂಡೇ ಇರುತ್ತಿದ್ದರು. ಪರದೆಯ ಕಡೆ ಒಮ್ಮೆಯೂ ನೋಡುತ್ತಿರಲಿಲ್ಲ, ಕುಳಿತವರ ಮುಖವನ್ನೇ ನೋಡುತ್ತಿದ್ದರು. ನಾನು ಒಮ್ಮೆ ಯಾಕೆಂದು ಕೇಳಿದೆ. "ಪರದೆ ನೋಡಿ ಏನ ಮಾಡ್ಲಿ ತಮ್ಮಾ, ಖರೆ ಪಿಚ್ಚರ್ ನಡೆಯೂದು ಮಂದಿ ಮಾರಿ ಮ್ಯಾಲ" ಅಂದರು.

ಕಂದಲಗಾಂವದಲ್ಲಿ ಒಮ್ಮೆ ಉತ್ತರದ ಯಾವುದೋ ಉಕ್ಕಿನ ಕಾರಖಾನೆಯ ಚಿತ್ರ ತೋರಿಸುತ್ತಿದ್ದೆವು. ಬೆಂಕಿಯ ಮುಂದೆ ನಿಂತ ಒಬ್ಬ ಕೂಲಿಯವನನ್ನು ತೋರಿಸಿ, ಇವ ಕಂದಲಗಾಂವದವನೇ ಎಂದುಬಿಟ್ಟರು ಮಾಸ್ತರರು. ಮುಂದೆ ಕುಳಿತಿದ್ದ ಒಬ್ಬ ಮುದುಕಿ, ಯಾರ ಮನೆಯವನು ಎಂದು ಕೂಗಿ ಕೇಳಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಅವರು ಒಂದು ಮನೆ ಕಟ್ಟಿದರು: ಬೇವಿನ ಗಿಡದ ಮನೆ, ತಂದೆ ಇಲ್ಲ, ತಾಯಿ ಮಿಲಿನಲ್ಲಿ ನೂಲು ಸುತ್ತಿ ಬೆಳೆಸಿದಳು, ಈಗ ತಿಂಗಳಿಗೊಮ್ಮೆ ಕಾಗದ ಬರೆಯುತ್ತಾನೆ. ಮುದುಕಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ವಾಪಸು ಬರುವಾಗ ನಾನು ನಕ್ಕು, ಎಷ್ಟು ಸುಳ್ಳು ಹೇಳುತ್ತೀರಿ ಅಂದೆ. ಅವರಿಗೆ ಬೇಸರವಾಗಲಿಲ್ಲ. ಯಾರಿಗೇನು ನಷ್ಟವಾಯಿತು, ಒಂದು ತಾಸು ಊರಿಗೆ ಊರೇ ತನ್ನವನೊಬ್ಬನನ್ನು ಕಂಡಿತು ಅಂದರು. ನನಗೂ ಆಗ ಅದು ಸರಿಯೆನಿಸಿತು.

ಅವರ ಮನೆಯ ಅಟ್ಟದ ಮೇಲೆ ಕಥೆಯ ಪುಸ್ತಕದ ಗಂಟುಗಳಿದ್ದವು. ತಾವೇ ಅಚ್ಚು ಹಾಕಿಸಿದ್ದು. ಗೆದ್ದಲು ಹತ್ತದಂತೆ ವರ್ಷಕ್ಕೊಮ್ಮೆ ಇಳಿಸಿ ಬಿಸಿಲಿಗೆ ಇಟ್ಟು ಮತ್ತೆ ಏರಿಸುತ್ತಿದ್ದರು. ಸೊಲ್ಲಾಪುರದಲ್ಲಿ ಕನ್ನಡ ಮಾತಾಡುವವರು ಬೇಕಾದಷ್ಟು, ಓದುವವರು ಒಂದೇ ಟಾಂಗಾದಲ್ಲಿ ಕೂಡುತ್ತಾರೆ ಎಂದು ತಮಾಷೆ ಮಾಡುತ್ತಿದ್ದರು. ತಮಾಷೆಯ ಒಳಗೆ ಉರಿ ಇತ್ತು. ನಾನು ಸರಕಾರವನ್ನು ಏನಾದರೂ ಅಂದರೆ ಸಿಟ್ಟಾಗುತ್ತಿದ್ದರು. "ಬರದದ್ದನ್ನ ಯಾರೂ ಓದಲಿಲ್ಲ. ನನ್ನ ಕನ್ನಡಕ್ಕ ಕಿವಿ ಕೊಟ್ಟದ್ದು ಈ ಮೈಕ್. ಅದನ್ನ ಕೊಟ್ಟಾವ್ರನ್ನ ಬೈಯಾಕ ನನಗ ಬಾಯಿ ಹೆಂಗ ಬರಬೇಕು?"

ತುರ್ತು ಪರಿಸ್ಥಿತಿ ಬಂತು. ನಮ್ಮ ಕಡೆ ಅದಕ್ಕೆ ಆಣಿಬಾಣಿ ಅನ್ನುತ್ತಿದ್ದರು. ಮಾಸ್ತರರ ಭಾಗ್ಯ ತೆರೆಯಿತು ಅಂತಲೇ ಹೇಳಬೇಕು. ಪುಣೆಯ ಕಡೆಯಿಂದ ಹೊಸ ದೊಡ್ಡ ಸಾಹೇಬ ಬಂದ. ಅವನಿಗೆ ಕನ್ನಡ ಹಳ್ಳಿಗಳಲ್ಲಿ ಸರಕಾರದ ಮಾತು ಮುಟ್ಟಿಸುವ ಬಾಯಿ ಬೇಕಾಗಿತ್ತು. ಅಲ್ಲಿಯವರೆಗೆ ಬಾಗಿಲ ಬಳಿಯ ಮುರಿದ ಮೇಜಿನಲ್ಲಿ ಕೂಡುತ್ತಿದ್ದವರಿಗೆ ಫ್ಯಾನಿನ ಕೆಳಗೆ ಜಾಗ ಸಿಕ್ಕಿತು. ಪುಸ್ತಿಕೆ ಬರೆದರು, ಲಾವಣಿ ಬರೆದರು, ಗೋಡೆಗೆ ಬರೆಸುವ ಮಾತು ಬರೆದರು. "ಬುತ್ತಿ ಹಗುರಾದರ ಹಾದಿ ಹಗುರ, ಮಕ್ಕಳು ಕಡಿಮೆಯಾದರ ಬಾಳು ಹಗುರ" ಎಂಬುದು ಅವರದೇ. ಅಕ್ಕಲಕೋಟದಿಂದ ವಾಗದರಿಯವರೆಗೆ ಯಾವ ಗೋಡೆ ನೋಡಿದರೂ ಅದೇ ಇರುತ್ತಿತ್ತು. ಅಟ್ಟದ ಮೇಲಿನ ಗಂಟು ಮರೆತೇಹೋಯಿತು.

ಅದೇ ದಿನಗಳಲ್ಲಿ, ಅವರ ಜೊತೆ ಕೂಡಿ ಬಯಲಾಟ ಬರೆಯುತ್ತಿದ್ದ ಅಕ್ಕಲಕೋಟದ ಗೆಳೆಯರೊಬ್ಬರು ಚಹಾದ ಅಂಗಡಿಯಲ್ಲಿ ಏನೋ ಒಂದು ಮಾತು ಆಡಿದರಂತೆ. ಸಂಜೆಯೊಳಗೆ ಜೀಪು ಬಂದು ಒಯ್ದಿತು. ಯಾವ ಜೈಲು ಎಂದು ಮನೆಯವರಿಗೂ ತಿಳಿಯಲು ತಿಂಗಳು ಹಿಡಿಯಿತು. ಸುದ್ದಿ ಕೇಳಿದ ಮರುದಿನ ಮಾಸ್ತರರು ಎರಡು ದಿನದ ಕೆಲಸ ಒಂದೇ ದಿನ ಬರೆದು ಮುಗಿಸಿದರು. ಹೆದರಿದ ಮನುಷ್ಯ ಇಷ್ಟು ಚೆಂದ ಬರೆಯಬಲ್ಲ ಎಂಬುದನ್ನು ಅವತ್ತು ನೋಡಿದೆ.

ಆಮೇಲೆ ಕ್ಯಾಮರಾ ಬಂತು. ಕೀಲಿ ಕೊಟ್ಟು ನಡೆಸುವ ಸಣ್ಣ ಸಿನೆಮಾ ಕ್ಯಾಮರಾ, ಅದಕ್ಕೆ ಧ್ವನಿ ಇಲ್ಲ. ಧ್ವನಿ ಯಾಕೆ ಬೇಕು, ನಾನಿದ್ದೇನಲ್ಲ ಎಂದರು ಮಾಸ್ತರರು. ಐವತ್ತು ದಾಟಿದ ಮನುಷ್ಯ ಅದನ್ನು ಮಡಿಲ ಮೇಲೆ ಇಟ್ಟುಕೊಂಡು ಗಾಡಿಯಲ್ಲಿ ಕುಳಿತದ್ದು ನೋಡಬೇಕಿತ್ತು. ನಮ್ಮ ಮಂದಿಯ ಮುಖ ಪರದೆಯ ಮೇಲೆ ಬರಬೇಕು, ನಮ್ಮ ಜೋಳದ ಹೊಲ ಬರಬೇಕು ಎಂದು ಹಾದಿಯುದ್ದಕ್ಕೂ ಹೇಳಿದರು. ಸಾಹೇಬನಿಗೆ ಬೇಕಾದದ್ದು ಜೋಳದ ಹೊಲವಲ್ಲ. ಮಕ್ಕಳಾಗದಂತೆ ನಸಬಂದಿ ಆಪರೇಷನ್ ಮಾಡಿಸಿಕೊಂಡ ರೈತನೊಬ್ಬ ನಗುನಗುತ್ತ ಹೊರಗೆ ಬರುವುದನ್ನು ತೆಗೆದು ತರಬೇಕು ಎಂದು ಹುಕುಂ ಆಯಿತು.

ಬೇಸಿಗೆಯಲ್ಲಿ ವಾಗದರಿಯ ಆಚೆಯ ಒಂದು ಹಳ್ಳಿಯಲ್ಲಿ ಶಿಬಿರ ಹಾಕಿದ್ದರು. ಊರ ಹೊಲದ ಲೆಕ್ಕ ಬರೆಯುವ ತಲಾಠಿ, ಶಾಲೆಯ ಮಾಸ್ತರು, ಕಾರಕೂನ, ಎಲ್ಲರೂ ಇಷ್ಟಿಷ್ಟು ಮಂದಿಯನ್ನು ಹಿಡಿದು ತರಬೇಕು, ಇಲ್ಲದಿದ್ದರೆ ಅವರ ಪಗಾರ ನಿಲ್ಲುತ್ತಿತ್ತು. ನಾವು ಬೆಳಿಗ್ಗೆಯಿಂದ ಬಾಗಿಲಿನ ಎದುರು ಕ್ಯಾಮರಾ ಹಿಡಿದು ನಿಂತೆವು. ಯಾರೂ ನಗಲಿಲ್ಲ. ಒಬ್ಬ ಧೋತರದ ಗಂಟು ಹಿಡಿದುಕೊಂಡು ಕಾಲು ಅಗಲಿಸಿ ನಡೆದ. ಒಬ್ಬ ಗೋಡೆ ಹಿಡಿದು ವಾಂತಿ ಮಾಡಿದ. ಇನ್ನೊಬ್ಬ ಸರಕಾರ ಕೊಟ್ಟ ಕಂಬಳಿಯನ್ನು ಆ ಬಿಸಿಲಲ್ಲಿ ತಲೆಯ ಮೇಲೆ ಹೊದ್ದು ಮುಖ ಮುಚ್ಚಿಕೊಂಡ. ನಗು ಎಂದು ಮಾಸ್ತರರು ಬೇಡಿಕೊಂಡರು. ಅವನು ಕಂಬಳಿಯ ಸಂದಿಯಿಂದ ನೋಡಿದ ನೋಟಕ್ಕೆ ನಾನು ಹಿಂದೆ ಸರಿದೆ.

ಮಧ್ಯಾಹ್ನ ತಲಾಠಿ ಒಬ್ಬನನ್ನು ಕರೆದುಕೊಂಡು ಬಂದ. ಮೂವತ್ತರ ಆಚೀಚೆಯವನು, ಒಳ್ಳೆಯ ಹೊಲಮನೆಯ ರೈತ. ಹೊಲದ ಪಹಣಿಯಲ್ಲಿ, ಅಂದರೆ ಉತಾರದಲ್ಲಿ, ಹೆಸರು ಏರಿಸಬೇಕಾಗಿತ್ತು, ಅದಕ್ಕೆ ತಲಾಠಿ ಇದನ್ನು ಜೋಡಿಸಿದ್ದ. ಅವನು ಸರದಿ ಬಿಟ್ಟು ಬಂದು ಮಾಸ್ತರರ ಕಾಲು ಹಿಡಿದ. ಒಂದೇ ಹೆಣ್ಣು ಕೂಸು, ಗಂಡು ಸಂತಾನ ಇಲ್ಲ, ಬಿಡಿಸಿರಿ ಎಂದು ಅತ್ತ. ಮಾಸ್ತರರ ಕಣ್ಣಲ್ಲಿ ನೀರು ಬಂತು. ಅದು ಸುಳ್ಳು ನೀರಲ್ಲ, ನಾನು ಪಕ್ಕದಲ್ಲೇ ಇದ್ದೆ. ಒಳಗೆ ಹೋಗಿ ಕಾರಕೂನನ ಜೊತೆ ಪಿಸುಗುಟ್ಟಿದರು. ಕಾರಕೂನನಿಗೆ ಒಂದು ಹೆಸರು ಬೇಕಾಗಿತ್ತು, ನಮಗೆ ಒಂದು ನಗೆ ಬೇಕಾಗಿತ್ತು, ಆ ರೈತನಿಗೆ ಕತ್ತರಿ ಬೇಡವಾಗಿತ್ತು. ಮೂರೂ ಕೂಡಿಬಂದವು. ಹೆಸರು ದಫ್ತರದಲ್ಲಿ ಏರಿತು, ಕಂಬಳಿ ಅವನ ಹೆಗಲೇರಿತು, ಮೈಗೆ ಯಾರೂ ಕೈ ಹಚ್ಚಲಿಲ್ಲ. ಹೊರಗೆ ಹೋಗುವಾಗ ಕ್ಯಾಮರಾ ನೋಡಿ ನಗು ಎಂದು ಹೇಳಿದರು. ಹೇಳುವ ಕಾರಣವೇ ಇರಲಿಲ್ಲ. ಪ್ರಾಣ ಉಳಿದವನ ನಗೆ ಅದು, ಬಾಯಿ ತುಂಬ, ಹಲ್ಲೆಲ್ಲ ಕಾಣುವಂತೆ. ಅಂಥ ನಗೆ ನಾನು ಮತ್ತೆ ಕಂಡಿಲ್ಲ. ಆಮೇಲೆ ಅವನ ಹೊಲದಲ್ಲೇ ನೇಗಿಲು ಹಿಡಿಸಿ ಇನ್ನೊಂದಿಷ್ಟು ತೆಗೆದೆವು. ಗಾಡಿ ಹತ್ತಿದ ಮೇಲೆ ಮಾಸ್ತರರು ತೊಡೆ ಚಪ್ಪರಿಸಿಕೊಂಡರು. "ಹಾವೂ ಸತ್ತಿತು, ಕೋಲೂ ಮುರೀಲಿಲ್ಲ ತಮ್ಮಾ."

ರೀಲು ಮುಂಬಯಿಗೆ ಹೋಗಿ ತೊಳೆಸಿಕೊಂಡು ಬರುವಷ್ಟರಲ್ಲಿ ಶ್ರಾವಣ ಬಂತು. ಮೊದಲು ಆ ಹಳ್ಳಿಯಲ್ಲೇ ತೋರಿಸಿದೆವು. ತಮ್ಮ ಊರಿನ ಗೋಡೆ, ತಮ್ಮ ಊರಿನ ಎತ್ತು, ತಮ್ಮವನೇ ಒಬ್ಬ ಮನುಷ್ಯ ಪರದೆಯ ಮೇಲೆ ಬಂದದ್ದು ನೋಡಿ ಜನ ಸಿಳ್ಳೆ ಹೊಡೆದರು. ಮಾಸ್ತರರು ಅವನ ಹೆಸರು, ಮನೆತನದ ಹೆಸರು ಎತ್ತಿ ಹೇಳಿದರು. "ನೋಡ್ರಿ, ನಿಮ್ಮಾವನ ಇವ. ನಸಬಂದಿ ಮಾಡಿಸ್ಕೊಂಡು ಎದ್ದು ಬಂದಾನ, ನಕ್ಕೋತ ಬಂದಾನ, ನೇಗಿಲಾ ಹೊಡ್ಯಾಕತ್ತಾನ. ಇವನ ಗಂಡಸುತನಕ್ಕ ಏನಾಗೈತಿ, ನೀವ ಹೇಳ್ರಿ." ಎರಡು ಸಲ ತೋರಿಸಬೇಕಾಯಿತು. ಹಿಂದೆ ಹೆಂಗಸರ ನಡುವೆ ಅವನ ಹೆಂಡತಿಯೂ ಕುಳಿತಿದ್ದಳಂತೆ, ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳಂತೆ. ಅವಳಿಗೆ ನಿಜ ಗೊತ್ತಿತ್ತು. ಅದು ಗಂಡ ಹೆಂಡತಿಯ ಗುಟ್ಟಿನ ನಗೆಯಾಗಿತ್ತು. ಆಮೇಲೆ ಸುತ್ತಿನ ಹಳ್ಳಿಗಳಲ್ಲೆಲ್ಲ ಅದೇ ಚಿತ್ರ, ಅದೇ ಮಾತು.

ಚಳಿಗಾಲದ ಎಳ್ಳಮಾಸಿ ಹಬ್ಬ ಹತ್ತಿರ ಬಂದಾಗ ಕೆಂಪು ರುಮಾಲಿನ ಒಬ್ಬ ಮುದುಕ ಸೊಲ್ಲಾಪುರದ ನಮ್ಮ ಕಚೇರಿಗೆ ಬಂದ. ಹುಲಜಂತಿಯ ಮಗ್ಗುಲ ಹಳ್ಳಿಯವನು, ಆ ರೈತನ ಮಾವ. ಮಗಳು ಬಸುರಾಗಿ ಐದು ತಿಂಗಳಾಗಿತ್ತು. ಊರಿಗೆ ಊರೇ, ಗಂಡನಿಗೆ ನಸಬಂದಿಯಾದ ಮೇಲೆ ಇದು ಯಾರದು ಅನ್ನುತ್ತಿತ್ತು. ಅವಳ ಕೈಯ ನೀರು ಯಾರೂ ಕುಡಿಯುತ್ತಿರಲಿಲ್ಲ. ಅತ್ತೆ ಅವಳನ್ನು ದನದ ಕೊಟ್ಟಿಗೆಯಲ್ಲಿ ಇಟ್ಟಿದ್ದಳು. ಗಂಡ ತನ್ನ ತಾಯಿಗೆ ನಿಜ ಹೇಳಿದನಂತೆ, ಹೆಂಡತಿಯ ಮಾನ ಮುಚ್ಚಲು ಸುಳ್ಳು ಹೇಳುತ್ತೀ ಎಂದು ತಾಯಿ ಅವನ ಮುಖಕ್ಕೆ ಉಗಿದಳಂತೆ. ಊರ ಮುಂದೆ ಹೇಳಲು ಅವನಿಗೆ ಧೈರ್ಯವಿಲ್ಲ, ಹೇಳಿದರೆ ಮರುದಿನವೇ ಜೀಪು ಬಂದು ಒಯ್ದು ಕತ್ತರಿ ಹಾಕುತ್ತದೆ. ಹಿರಿಯರು ಬೈಠಕ್ ಕರೆದಿದ್ದರು. ಮುದುಕ ಇಷ್ಟೆಲ್ಲ ಹೇಳುವಾಗ ದನಿ ಏರಿಸಲಿಲ್ಲ. ಕೊನೆಗೆ ಎದ್ದು ನಿಂತು ಅಂದ: "ನಿಮ್ಮ ಬಾಯಿಲೆ ಹೋದ ಮಾನ ನಿಮ್ಮ ಬಾಯಿಲೇನ ಬರಬೇಕ್ರಿ ಮಾಸ್ತರ. ಬಂದು ಒಂದ ಮಾತ ಹೇಳ್ರಿ. ಬ್ಯಾರೆ ಏನೂ ಬ್ಯಾಡ."

ಬರುತ್ತೇನೆ ಎಂದು ಮಾಸ್ತರರು ಅವನ ಕೈ ಹಿಡಿದು ಹೇಳಿದರು. ಹೇಳುವಾಗ ಅದು ಅವರ ಮನಸ್ಸಿನಲ್ಲೇ ಇತ್ತು, ಅದಕ್ಕೆ ನಾನು ಸಾಕ್ಷಿ. ಆಮೇಲೆ ಮಾಡಬಾರದ ತಪ್ಪು ಮಾಡಿದರು, ಹೋಗಿ ಸಾಹೇಬನ ಪರವಾನಗಿ ಕೇಳಿದರು. ಹಳೆಯ ಸರಕಾರಿ ಮನುಷ್ಯ, ನಿಜ ಹೇಳುವುದಕ್ಕೂ ಪರವಾನಗಿ ಬೇಕು ಅವರಿಗೆ. ಸಾಹೇಬ ಕೂಗಾಡಲಿಲ್ಲ. ತಣ್ಣಗೆ ಮರಾಠಿಯಲ್ಲಿ ಹೇಳಿದ: ಆ ರೈತನಿಗೆ ಆಪರೇಷನ್ ಆಗಿಲ್ಲದಿದ್ದರೆ ನಾಳೆ ಮಾಡಿಸೋಣ. ಸುಳ್ಳು ಹೆಸರು ಏರಿಸಿದವರು ಯಾರು, ಸುಳ್ಳು ಚಿತ್ರ ತೆಗೆದವರು ಯಾರು, ಗಾಡಿ ಹೊಡೆದವರು ಯಾರು, ಅದನ್ನೂ ನೋಡೋಣ. ನಿಮ್ಮ ಅಕ್ಕಲಕೋಟದ ಗೆಳೆಯರು ಹೇಗಿದ್ದಾರೆ? ಇಷ್ಟೇ. ಹೊರಗೆ ಬಂದು ಮಾಸ್ತರರು ಜೇಬಿನಿಂದ ಜೇಷ್ಠಮಧು ತೆಗೆದರು, ಬಾಯಿಗೆ ಹಾಕಿಕೊಳ್ಳದೆ ಮತ್ತೆ ಜೇಬಿಗೆ ಇಟ್ಟರು. ಮನೆಯಲ್ಲಿ ಹಾಸಿಗೆ ಹಿಡಿದ ಹೆಂಡತಿ ಇದ್ದಳು, ನೋಡಿಕೊಳ್ಳಲು ಇವರ ಹೊರತು ಯಾರೂ ಇರಲಿಲ್ಲ. ಇದನ್ನು ಅವರ ಪರವಾಗಿ ಬರೆಯುತ್ತಿಲ್ಲ, ಇದ್ದದ್ದು ಬರೆಯುತ್ತಿದ್ದೇನೆ.

ಬೈಠಕ್ ಬೆಳಿಗ್ಗೆ ಗುಡಿಯ ಮುಂದೆ ಸೇರಿತ್ತು. ನಾವು ಹೋದೆವು. ಹೋಗಲೇಬಾರದಿತ್ತು. ಮುದುಕ ತನ್ನ ಗಂಟು ಬಿಚ್ಚಿ ಹಿತ್ತಾಳೆಯ ತಾಟಿನಲ್ಲಿ ಭಂಡಾರ ಸುರಿದ. ಹುಲಜಂತಿಯ ಮಹಾಲಿಂಗರಾಯನ ಗುಡಿಯಿಂದ ತಂದ ಅರಿಶಿನದ ಪುಡಿ. ಆ ಕಡೆ ಭಂಡಾರ ಎತ್ತಿ ಆಡಿದ ಮಾತಿಗೆ ಮೇಲೆ ಮಾತಿಲ್ಲ. ಸುಳ್ಳು ಆಡಿ ಅದನ್ನು ಮುಟ್ಟಿದವನ ವಂಶ ಉಳಿಯುವುದಿಲ್ಲ ಎಂದು ಕೂಸುಗಳಿಗೂ ಗೊತ್ತು. ಮೊದಲು ಅವಳು ಎತ್ತಿದಳು. ಹೊಟ್ಟೆ ಕಾಣುತ್ತಿತ್ತು. ಹೊಟ್ಟೆಯಲ್ಲಿರುವುದು ನನ್ನ ಗಂಡನದು ಎಂದು ಸ್ಪಷ್ಟವಾಗಿ ಹೇಳಿದಳು. ಹಿರಿಯ ಗೌಡ ತಲೆ ಅಲ್ಲಾಡಿಸಿದ. "ಭಂಡಾರ ದೊಡ್ಡದು ತಂಗಿ, ನಾ ಇಲ್ಲ ಅನ್ನೂದಿಲ್ಲ. ಆದ್ರ ನಾವೆಲ್ಲಾ ಕಣ್ಣಾರೆ ನೋಡೀವಿ." ಗಂಡನನ್ನು ಕರೆದರು. ಮಗ್ಗುಲಲ್ಲಿ ಕುರ್ಚಿ ಹಾಕಿಕೊಂಡು ತಲಾಠಿ ಕುಳಿತಿದ್ದ. ಗಂಡ ತಲಾಠಿಯನ್ನು ನೋಡಿದ, ಮಾಸ್ತರರಿಗೆ ಎಲ್ಲ ಗೊತ್ತಿದೆ, ಅವರೇ ಹೇಳುತ್ತಾರೆ ಎಂದು ತಲೆ ತಗ್ಗಿಸಿದ.

ತಾಟು ಮಾಸ್ತರರ ಮುಂದೆ ಬಂತು. ಅವರು ಕೈ ಮುಂದೆ ಮಾಡಿದರು. ಬೆರಳುಗಳು ಭಂಡಾರದ ಮೇಲೆ ಒಂದು ಗೇಣು ಎತ್ತರದಲ್ಲಿ ನಿಂತವು. ಅವಳು ಅವರ ಬಾಯಿಯನ್ನೇ ನೋಡುತ್ತಿದ್ದಳು. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡರು. "ಪಿಚ್ಚರ್‌ದಾಗ ಇದ್ದದ್ದು ಸರಕಾರದ ಕಾಗದದಾಗ ಐತ್ರಿ. ಅದರ ಮ್ಯಾಲ ನಾ ಮಾತಾಡಾಕ ಬರೂದಿಲ್ಲ." ಸಾವಿರ ಮಂದಿಗೆ ಮುಟ್ಟುವ ಆ ದನಿ ಮುಂದಿನ ಸಾಲಿಗೂ ಮುಟ್ಟಲಿಲ್ಲ. ಏನಂದರು ಎಂದು ಹಿಂದಿನವರು ಕೇಳಿದರು. ಯಾರೋ ತಿರುಗಿ, ಮಾಸ್ತರರು ಭಂಡಾರ ಮುಟ್ಟಲಿಲ್ಲ ಎಂದು ಹೇಳಿದರು. ಅಷ್ಟಕ್ಕೇ ನ್ಯಾಯ ಮುಗಿಯಿತು.

ನನಗೆ ಯಾರೂ ಮುಟ್ಟು ಅನ್ನಲಿಲ್ಲ. ಚಿತ್ರ ತೆಗೆಯುವಾಗ ಹೊಳೆಯುವ ತಗಡು ಹಿಡಿದು ಆ ನಗೆಯ ಮೇಲೆ ಬಿಸಿಲು ಬೀಳಿಸಿದವನು ನಾನು. ನನಗೂ ಎಲ್ಲ ಗೊತ್ತಿತ್ತು, ತಾಟಿಗೂ ನನಗೂ ನಾಲ್ಕು ಹೆಜ್ಜೆ ದೂರ. ಗಾಡಿಯ ಕೀಲಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತೆ. ಹೀಗಾಗಿ ಅವರನ್ನು ಹೇಡಿ ಅನ್ನಲು ಹೊರಟಾಗಲೆಲ್ಲ ಪೆನ್ನು ನಿಲ್ಲುತ್ತದೆ. ಮುದುಕ ಭಂಡಾರವನ್ನು ಒಂದು ಚೂರೂ ಚೆಲ್ಲದಂತೆ ಮತ್ತೆ ಗಂಟು ಕಟ್ಟಿದ. ಅವಳು ಅಪ್ಪನ ಹಿಂದೆ ನಡೆದು ಹೋದಳು. ಮೊದಲ ಮಗಳನ್ನು ಅತ್ತೆ ಕಳಿಸಲಿಲ್ಲ. ಆ ಕೂಸು ಬಾಗಿಲಲ್ಲಿ ನಿಂತು ಕೂಗಾಡಿದ್ದು ಗಾಡಿ ಚಾಲೂ ಮಾಡಿದ ಮೇಲೂ ಕೇಳುತ್ತಿತ್ತು.

ಹಾದಿಯಲ್ಲಿ ಅವರು, ನಾನು ಸುಳ್ಳೇನೂ ಹೇಳಲಿಲ್ಲವಲ್ಲ ಎಂದು ಕೇಳಿದರು. ಅಕ್ಕಲಕೋಟ ದಾಟಿದ ಮೇಲೆ ಮತ್ತೆ ಕೇಳಿದರು. ಸೊಲ್ಲಾಪುರದ ಮಿಲಿನ ಚಿಮಣಿ ಕಂಡಾಗ ಮತ್ತೊಮ್ಮೆ. ನಾನು ಗೇರು ಬದಲಿಸುತ್ತ ಹೋದೆ.

ಚಿತ್ರ ತೋರಿಸುವುದು ನಿಲ್ಲಲಿಲ್ಲ, ಹುಕುಂ ಇತ್ತು. ಆದರೆ ಆ ರೈತ ನಗುತ್ತ ಹೊರಗೆ ಬರುವ ಜಾಗಕ್ಕೆ ಬಂದಾಗ ಮಾಸ್ತರರು ಮೈಕನ್ನು ಕೆಳಗೆ ಇಳಿಸಿ ಸುಮ್ಮನಾಗುತ್ತಿದ್ದರು. ಅಷ್ಟೇ ಅವರ ಕೈಲಾದದ್ದು. ಅದೂ ಉಪಯೋಗಕ್ಕೆ ಬರಲಿಲ್ಲ. ಮಂದಿಗೆ ಅವರ ಮಾತು ಬಾಯಿಪಾಠವಾಗಿಹೋಗಿತ್ತು. ಇವರು ಸುಮ್ಮನಾದ ಕೂಡಲೆ ಹುಡುಗರು ಎದ್ದು, ನಿಮ್ಮಾವನ ಇವ, ನಕ್ಕೋತ ಬಂದಾನ ಎಂದು ಅವರದೇ ದನಿಯಲ್ಲಿ ಕೂಗುತ್ತಿದ್ದರು.

ಇಲೆಕ್ಷನ್ ಆಯಿತು, ಸರಕಾರ ಬಿತ್ತು. ಸಾಹೇಬನಿಗೆ ವರ್ಗವಾಯಿತು, ಅದೂ ಬಡ್ತಿಯ ಮೇಲೆ. ಹೊಸ ಸಾಹೇಬ ಬಂದು ಮಾಸ್ತರರನ್ನೇ ಕರೆಸಿ, ಸ್ವಾತಂತ್ರ್ಯ ಮರಳಿ ಬಂತು ಎಂದು ಪುಸ್ತಿಕೆ ಬರೆಯಿರಿ ಅಂದ. ಅವರು ರಾಜೀನಾಮೆ ಬರೆದುಕೊಟ್ಟರು. ಅದಾದ ಮೇಲೆ ಬದುಕಿದ್ದು ಎರಡೇ ವರ್ಷ. ಹೆಂಡತಿ ಮೊದಲು ಹೋದಳು. ಇವರು ಸಂಜೆ ನಮ್ಮ ಅಂಗಡಿಯ ಕಟ್ಟೆಗೆ ಬಂದು ಕೂಡುತ್ತಿದ್ದರು, ಅಣ್ಣಂದಿರು ಚಹಾ ತರಿಸುತ್ತಿದ್ದರು. ಮಾತು ಬಹಳ ಕಡಿಮೆಯಾಗಿತ್ತು. ಗಣಪತಿ ಹಬ್ಬದಲ್ಲಿ ಪೇಠೆಯವರು ಮೈಕಿನ ಮುಂದೆ ಎರಡು ಮಾತು ಆಡಿರಿ ಎಂದರೆ, ದನಿ ಹೋಗಿದೆ ಎಂದು ಗಂಟಲು ಮುಟ್ಟಿ ತೋರಿಸುತ್ತಿದ್ದರು.

ಆದರೆ ನಾನು ಹೇಳಬೇಕೆಂದು ಹೊರಟದ್ದು ರಾಜೀನಾಮೆ ಕೊಡುವ ಹಿಂದಿನ ಎರಡು ದಿನದ್ದು. ಉರಿಬಿಸಿಲು. ಹುಕುಂ ಇಲ್ಲದೆ, ಯಾರಿಗೂ ಹೇಳದೆ ಗಾಡಿ ತೆಗೆಯಲು ಹೇಳಿದರು. ನಾನು ತೆಗೆದೆ. ಆ ಹಳ್ಳಿಯ ಗುಡಿಯ ಮುಂದೆ ಹಾಡಹಗಲಲ್ಲಿ ಭೋಂಗಾ ಕಟ್ಟಿದೆವು, ಪರದೆ ಇಲ್ಲ. ಜನ ಸೇರಿದರು. ಮಾಸ್ತರರು ಪೂಜಾರಿಯಿಂದ ಭಂಡಾರ ಕೇಳಿ ತೆಗೆದುಕೊಂಡು, ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಮೈಕನ್ನು ನಾನು ಅವರ ಬಾಯಿಗೆ ಹಿಡಿದೆ. ಎಲ್ಲ ಹೇಳಿದರು. ಆ ರೈತನಿಗೆ ನಸಬಂದಿ ಆಗಿಲ್ಲ, ಹೆಸರು ಸುಳ್ಳು, ಚಿತ್ರ ಸುಳ್ಳು, ಅವಳ ಹೊಟ್ಟೆಯ ಕೂಸು ಅವನದೇ, ಅವತ್ತು ನಾನು ಹೆದರಿ ಕೈ ಹಿಂದೆ ತೆಗೆದೆ. ನನ್ನ ಹೆಸರನ್ನೂ ಹೇಳಿದರು, ನಾನು ಮೈಕಿನಲ್ಲಿ ಹೌದು ಅಂದೆ. ದನಿ ಒಂದು ಕಡೆಯೂ ಒಡೆಯಲಿಲ್ಲ. ಗಂಡ ಹಿಂದೆ, ಬಂಡಿಯ ಗಾಲಿಯ ಬಳಿ ನಿಂತಿದ್ದ. ಎಲ್ಲರೂ ಅವನ ಕಡೆ ತಿರುಗಿದರು. ಈಗ ಯಾವ ಜೀಪೂ ಬರುವಂತಿರಲಿಲ್ಲ. ಹೂಂ ಅಂದರೆ ಸಾಕಾಗಿತ್ತು. ಆದರೆ ಹೂಂ ಅಂದರೆ, ತನ್ನ ಮೈ ಉಳಿಸಿಕೊಳ್ಳಲು ಹೆಂಡತಿಯನ್ನು ಬಿಟ್ಟುಕೊಟ್ಟ ಗಂಡಸು ತಾನೇ ಎಂದು ಊರ ಮುಂದೆ ಒಪ್ಪಿಕೊಂಡ ಹಾಗೆ. ಅವನು ನೆಲ ನೋಡಿದ, ಎತ್ತಿನ ಹಗ್ಗ ಬಿಚ್ಚಿಕೊಂಡು ಹೊಲದ ಹಾದಿ ಹಿಡಿದ. ಗೌಡ ಮಾಸ್ತರರ ಬಳಿ ಬಂದ. ಸಿಟ್ಟಿನಿಂದ ಆಡಿದ್ದರೆ ಚೆನ್ನಾಗಿತ್ತು. "ಸರಕಾರ ಬದಲಾತು, ನಿಮ್ಮ ಪಿಚ್ಚರೂ ಬದಲಾತು. ನಿಮ್ಮ ನೌಕರೀನ ಅದು ಮಾಸ್ತರ, ನಾವೇನ ತಪ್ಪ ತಿಳಿಯೂದಿಲ್ಲ. ಬರ್ರಿ, ಚಹಾ ಕುಡೀರಿ."

ಚಹಾ ಕುಡಿಯಲಿಲ್ಲ. ಮರುದಿನ ಹುಲಜಂತಿಯ ಕಡೆ ಹೋದೆವು. ಅವಳ ತವರುಮನೆಯ ಅಂಗಳದಲ್ಲಿ ಕುಳಿತೆವು. ಮುದುಕ ನಮ್ಮನ್ನು ನೋಡಿ ಎದ್ದು ಹೊರಗೆ ಹೋಗಿಬಿಟ್ಟ. ಅವಳು ಬಾಗಿಲಿಗೆ ಬಂದು ಕುಳಿತಳು, ಮಡಿಲಲ್ಲಿ ತಿಂಗಳೂ ತುಂಬದ ಕೂಸು. ಗಂಡು. ಮಾಸ್ತರರು ನಿನ್ನೆಯದನ್ನು ಹೇಳಿದರು, ಭಂಡಾರ ಎತ್ತಿದ್ದು ಹೇಳಿದರು. ಗೌಡನ ಮಾತನ್ನೂ ಮುಚ್ಚಿಡಲಿಲ್ಲ. ಅವಳು ಅಳಲಿಲ್ಲ, ಬೈಯಲಿಲ್ಲ. ಕೂಸಿನ ಮುಖದ ಮೇಲಿನ ನೊಣ ಓಡಿಸುತ್ತ ಕೇಳಿಸಿಕೊಂಡು ಅಂದಳು.

"ಆಗ ಹೇಳಬೇಕಿತ್ರಿ ಮಾಸ್ತರ. ಆಗ ನೀವು ಏನ ಹೇಳಿದ್ರೂ ಮಂದಿ ನಂಬತಿದ್ರು."

ಮಾಸ್ತರರು ತಲೆ ಎತ್ತಲಿಲ್ಲ. ಆಮೇಲೆ ಅವಳೇ ದನಿ ಸಣ್ಣದು ಮಾಡಿ ಕೇಳಿದಳು. "ನೀವು ಹೇಳೂವಾಗ ನಮ್ಮ ಮನಿಯವರು ಅಲ್ಲಿ ಇದ್ದರೇನ್ರಿ?"

ಮಾಸ್ತರರು ನನ್ನ ಕಡೆ ನೋಡಿದರು. ನಾನು ಕಣ್ಣು ತಪ್ಪಿಸಿದೆ. ಅವರು ಅವಳ ಮುಖ ನೋಡಿದರು, ಮತ್ತೆ ಕೂಸನ್ನು ನೋಡಿದರು.

"ಇದ್ದಿಲ್ಲ ತಾಯಿ. ಹೊಲಕ್ಕ ಹೋಗಿದ್ದ."

ಅವಳ ಮುಖಕ್ಕೆ ರಕ್ತ ಬಂತು. ಅಲ್ಲಿಯವರೆಗೆ ಇದ್ದ ಹೆಂಗಸೇ ಬೇರೆ ಅನ್ನಿಸಿತು. ಹಾಗಾದರೆ ಮಾಸ್ತರರು ಊರ ಮುಂದೆ ಹೇಳಿದ್ದು ಅವರಿಗೆ ಇನ್ನೂ ಗೊತ್ತಿಲ್ಲ, ಗೊತ್ತಾದರೆ ಬಾರದೆ ಇರುವವರಲ್ಲ ಎಂದು ನಮಗೆ ಹೇಳಿದಳೋ ಕೂಸಿಗೆ ಹೇಳಿದಳೋ. ಆಮೇಲೆ ಒಳಕ್ಕೆ ತಿರುಗಿ ತಾಯಿಯನ್ನು ಕರೆದಳು. "ಯವ್ವಾ, ಕೂಸಿನ ಕುಂಚಿಗಿ ಒಗದು ಬಿಸಲಿಗೆ ಹಾಕು. ಇವತ್ತಿಲ್ಲ ನಾಳೆ ಅವರು ಬರತಾರ."

ಮುದುಕಿ ಕುಂಚಿಗೆಯನ್ನು ಒಗೆದು, ಹಿಂಡಿ, ಬೇಲಿಯ ಮೇಲೆ ಹರವುವವರೆಗೂ ನಾವಿಬ್ಬರೂ ಅಲ್ಲೇ ಕುಳಿತಿದ್ದೆವು.